ಎಂಜಿನ್ ಸದ್ದು ಬರುತ್ತದೆ, ಗಾಡಿ ಕದಲುವುದಿಲ್ಲ: ಹಳೇ ಅಥರ್ನ್ ಲೋಕೋಗೆ ಸೌಂಡ್ ಡಿಕೋಡರ್

ಹುಬ್ಬಳ್ಳಿ_ಹಳಿ:

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಪೂರ್ತಿ ವಿವರ ಇಲ್ಲದೆ ನೀವು ಉತ್ತರ ಹೇಳೋದು ಕಷ್ಟ, ಅದಕ್ಕೆ ಎಲ್ಲಾ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಎಚ್‌ಒ ಸ್ಕೇಲ್‌ನ (ಮಾದರಿ ರೈಲಿನ ಒಂದು ಅಳತೆ) ಲೋಕೋ ಇದೆ, ಅಥರ್ನ್ ಕಂಪನಿಯ ಹಳೇ ಬ್ಲೂ ಬಾಕ್ಸ್ ಸರಣಿಯ ಎಸ್‌ಡಿ40-2, ಅಮೆರಿಕನ್ ಡೀಸೆಲ್, ಸೆಕೆಂಡ್ ಹ್ಯಾಂಡ್. ಮುಂದೆ ಇದೇ ಚಾಸಿಸ್ ಮೇಲೆ ನಮ್ಮ ಭಾರತೀಯ ರೈಲ್ವೆಯ ಡೀಸೆಲ್ ಲೋಕೋ ಡಬ್ಲ್ಯುಡಿಜಿ-4ರ ಬಾಡಿ ಕೂರಿಸಬೇಕು ಅಂತ ಆಸೆ. ನಮ್ಮ ಹುಬ್ಬಳ್ಳಿ ಶೆಡ್‌ನ ಗಾಡಿಗಳ ಸದ್ದು ಕೇಳಿಕೊಂಡೇ ಬೆಳೆದವನು ನಾನು, ಸದ್ದಿಲ್ಲದ ಡೀಸೆಲ್ ಲೋಕೋ ನೋಡೋಕೇ ಮನಸ್ಸಾಗುವುದಿಲ್ಲ. ಹಾಗಾಗಿ ಬಾಡಿಗಿಂತ ಮೊದಲು ಸೌಂಡ್. ಎಂಟು ಪಿನ್ನಿನ ಲೋಕ್‌ಸೌಂಡ್ 5 ಡಿಕೋಡರ್ (ಹಳಿಯಿಂದ ಬರುವ ಆದೇಶ ಓದಿ ಮೋಟಾರ್, ಲೈಟ್, ಸದ್ದು ನಡೆಸುವ ಸಣ್ಣ ಬೋರ್ಡ್) ತಗೊಂಡು, ಪ್ಲಗ್ ತೆಗೆದು, ವೈರುಗಳನ್ನು ನೇರವಾಗಿ ಸೋಲ್ಡರ್ ಮಾಡಿದ್ದೇನೆ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರ್‌ಗೆ, ಕಂದು ವೈರು ಎರಡೂ ಸ್ಪೀಕರ್‌ಗೆ. ಲೈಟ್ ಇನ್ನೂ ಜೋಡಿಸಿಲ್ಲ. ಮೋಟಾರನ್ನು ಚಾಸಿಸ್‌ನಿಂದ ಬೇರೆ ಮಾಡಿ ಆಗಿದೆ, ಡಿಸಿಸಿಗೆ (ಹಳಿ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ರೆಡಿ ಅಂತ ಮಾರಿದವರು ಹೇಳಿದ್ದರು.

ಈಗ ಆಗುತ್ತಿರೋದು ಇಷ್ಟು. ಹಳಿ ಮೇಲೆ ಇಟ್ಟು ಕಂಟ್ರೋಲರ್‌ನ ಎಫ್8 ಬಟನ್ ಒತ್ತಿದರೆ ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಹಾರ್ನ್, ಬೆಲ್ ಎಲ್ಲಾ ಸರಿ. ಥ್ರಾಟಲ್ ತಿರುಗಿಸಿದ ತಕ್ಷಣ ಸದ್ದು ಏರುತ್ತದೆ, ಗಾಡಿ ಒಂದು ಸಲ ನಡುಗುತ್ತದೆ, ಆಮೇಲೆ ಎಲ್ಲಾ ಬಂದ್. ಒಂದು ಕ್ಷಣ ಬಿಟ್ಟು ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುವ ಸದ್ದು. ಪ್ರೋಗ್ರಾಮಿಂಗ್ ಟ್ರ್ಯಾಕ್‌ನಲ್ಲಿ (ಡಿಕೋಡರ್ ಸೆಟ್ ಮಾಡಲು ಬೇರೆಯಾಗಿಟ್ಟ ಹಳಿ) ಯಾವ ಸಿವಿಯನ್ನೂ (ಡಿಕೋಡರ್‌ನ ನಂಬರ್ ಇರುವ ಸೆಟ್ಟಿಂಗ್) ಓದಲು ಆಗುತ್ತಿಲ್ಲ, ಬರೀ ಎರರ್. ಸಾಲದ್ದಕ್ಕೆ ಸದ್ದು ಕೂಡ ತೀರಾ ತೆಳ್ಳಗಿದೆ, ಬೇಸ್ ಅನ್ನೋದೇ ಇಲ್ಲ. ಡಿಕೋಡರ್ ಹೋಯಿತಾ? ಇನ್ನೊಂದು ತರಿಸುವಷ್ಟು ದುಡ್ಡು ಸದ್ಯಕ್ಕಿಲ್ಲ, ದಯವಿಟ್ಟು ದಾರಿ ತೋರಿಸಿ.


ರೈಲು_ಪ್ರೇಮಿ_ದಾವಣಗೆರೆ:

ಇದು ಡಿಕೋಡರ್ ಸುಟ್ಟಿರುವ ಲಕ್ಷಣ ಅನ್ನಿಸುತ್ತದೆ. ಮೋಟಾರ್ ಡ್ರೈವರ್ ಹೋಗಿ ಸೌಂಡ್ ಮಾತ್ರ ಉಳಿದಿರುವುದನ್ನು ನಾನು ನೋಡಿದ್ದೇನೆ. ವಾರಂಟಿ ಇದ್ದರೆ ಕಳಿಸಿಬಿಡಿ.


ಮೀಟರ್_ಮೈಸೂರು:

ಕಳಿಸಬೇಡಿ, ಸ್ವಲ್ಪ ತಡೆಯಿರಿ. ಮೋಟಾರ್ ಡ್ರೈವರ್ ಪೂರ್ತಿ ಹೋಗಿದ್ದರೆ ಸಾಮಾನ್ಯವಾಗಿ ಥ್ರಾಟಲ್ ಕೊಟ್ಟಾಗ ಸದ್ದು ಏರುತ್ತಾ ಹೋಗುತ್ತದೆ, ಗಾಡಿ ಸುಮ್ನೆ ನಿಂತಿರುತ್ತದೆ. ನಿಮ್ಮಲ್ಲಿ ಸದ್ದೇ ಕಟ್ ಆಗಿ ಮತ್ತೆ ಶುರುವಾಗುತ್ತಿದೆ. ಅಂದರೆ ಡಿಕೋಡರ್‌ಗೆ ಬರುವ ಕರೆಂಟೇ ಹೋಗಿ ಬರುತ್ತಿದೆ. ಮೋಟಾರ್‌ಗೆ ಕರೆಂಟ್ ಕೊಟ್ಟ ಕೂಡಲೇ ಶಾರ್ಟ್ ಆಗಿ, ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಭಾಗ) ಟ್ರಿಪ್ ಆಗಿ, ತಾನಾಗಿ ಮತ್ತೆ ಆನ್ ಆಗುತ್ತಿದೆ ಅಂತ ನನ್ನ ಅನುಮಾನ. ಕಮಾಂಡ್ ಸ್ಟೇಷನ್‌ನ (ಹಳಿಗೆ ಆದೇಶ ಕಳಿಸುವ ಪೆಟ್ಟಿಗೆ) ದೀಪ ಆ ಕ್ಷಣಕ್ಕೆ ಮಿಣುಕುತ್ತದಾ ಗಮನಿಸಿ.

ಪ್ರೋಗ್ರಾಮಿಂಗ್ ಟ್ರ್ಯಾಕ್ ಎರರ್‌ಗೂ ಇದೇ ಕಾರಣ ಇರಬಹುದು. ಸಿವಿ ಓದುವಾಗ ಡಿಕೋಡರ್ ಮಾತಿನಲ್ಲಿ ಉತ್ತರ ಕೊಡುವುದಿಲ್ಲ ಅಲ್ವಾ, ಮೋಟಾರನ್ನು ಒಂದು ಸಲ ಮಿಡಿಸಿ ಸುಮಾರು 6 ಮಿಲಿಸೆಕೆಂಡ್ ಕಾಲ ಕನಿಷ್ಠ 60 ಮಿಲಿಆಂಪ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಆ ಏರಿಕೆಯನ್ನು ನೋಡಿಯೇ ಸ್ಟೇಷನ್‌ಗೆ ‘ಹೌದು’ ಅಂತ ಗೊತ್ತಾಗುವುದು. ಮೋಟಾರ್ ಜೋಡಣೆ ಕೆಟ್ಟಿದ್ದರೆ ಆ ಉತ್ತರವೂ ಕೆಡುತ್ತದೆ. ಎರಡು ತೊಂದರೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿವೆ ಅಂದರೆ ಮೊದಲು ನೋಡಬೇಕಾದ್ದು ಮೋಟಾರೇ.

ಬ್ಲೂ ಬಾಕ್ಸ್ ಲೋಕೋಗಳು ಡಿಸಿ ಕಾಲದವು, ಅಂದರೆ ಹಳಿಯ ಕರೆಂಟ್ ನೇರವಾಗಿ ಮೋಟಾರ್‌ಗೆ ಹೋಗುತ್ತಿದ್ದ ಕಾಲ. ಅದರಲ್ಲಿ ಲೋಹದ ಚಾಸಿಸ್ಸೇ ಒಂದು ಹಳಿಯ ವೈರು. ಮೋಟಾರ್‌ನ ಕೆಳಗಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಹಿಡಿಯುವ ಕ್ಲಿಪ್‌ನಲ್ಲಿ ಎರಡು ಸಣ್ಣ ನಾಲಗೆ ಇರುತ್ತವೆ, ಅವು ಚಾಸಿಸ್‌ಗೆ ಒತ್ತಿಕೊಂಡು ಕರೆಂಟ್ ತಗೊಳ್ಳುತ್ತವೆ. ಇನ್ನೊಂದು ಹಳಿಯ ಕರೆಂಟ್ ಬೋಗಿಗಳಿಂದ (ಲೋಕೋದ ಅಡಿಯ ಚಕ್ರಗಳ ಚೌಕಟ್ಟು) ಮೇಲಿನ ಉದ್ದನೆಯ ಪಟ್ಟಿಗೆ, ಅಲ್ಲಿಂದ ಮೇಲಿನ ಕ್ಲಿಪ್‌ಗೆ ಬರುತ್ತದೆ. ಡಿಸಿಗೆ ಇದು ಸರಳವಾದ, ಗಟ್ಟಿಮುಟ್ಟಾದ ವ್ಯವಸ್ಥೆ. ಡಿಸಿಸಿಯಲ್ಲಿ ಮಾತ್ರ ಹಳಿಯ ಕರೆಂಟ್ ಯಾವ ದಾರಿಯಲ್ಲೂ ನೇರವಾಗಿ ಮೋಟಾರ್‌ಗೆ ಸೇರಬಾರದು. ಕಿತ್ತಳೆ ಅಥವಾ ಬೂದು ವೈರು ಚಾಸಿಸ್‌ಗೆ ತಗುಲಿತು ಅಂದರೆ ಡಿಕೋಡರ್‌ನ ಔಟ್‌ಪುಟ್‌ಗೆ ಹಳಿಯ ಕರೆಂಟನ್ನೇ ತುರುಕಿದ ಹಾಗೆ.

ಈಗ ಮಾಡಬೇಕಾದ್ದು. ಗಾಡಿಯನ್ನು ಹಳಿಯಿಂದ ತೆಗೆಯಿರಿ. ಕಿತ್ತಳೆ, ಬೂದು ಎರಡನ್ನೂ ಮೋಟಾರ್‌ನಿಂದ ಬಿಡಿಸಿ. ಇದನ್ನು ಬಿಡಿಸದೆ ಅಳೆದರೆ ಡಿಕೋಡರ್ ಮೂಲಕವೇ ಏನೋ ಒಂದು ರೀಡಿಂಗ್ ಬಂದು ದಾರಿ ತಪ್ಪಿಸುತ್ತದೆ. ಆಮೇಲೆ ಮೀಟರ್‌ನ ಒಂದು ಕಡ್ಡಿಯನ್ನು ಮೋಟಾರ್‌ನ ಒಂದು ಕ್ಲಿಪ್‌ಗೆ, ಇನ್ನೊಂದನ್ನು ಚಾಸಿಸ್‌ಗೆ ಇಡಿ. ಪೂರ್ತಿ ಓಪನ್ ತೋರಿಸಬೇಕು, ‘ಸ್ವಲ್ಪ ರೆಸಿಸ್ಟೆನ್ಸ್ ಇದೆ, ಪರವಾಗಿಲ್ಲ’ ಅನ್ನುವ ಹಾಗಿಲ್ಲ. ಇನ್ನೊಂದು ಕ್ಲಿಪ್‌ಗೂ ಹಾಗೇ. ಎಡ, ಬಲ ಎರಡೂ ಕಡೆಯ ಚಕ್ರಗಳಿಗೂ ಹಾಗೇ. ಅಳೆಯುವಾಗ ಫ್ಲೈವೀಲನ್ನು ಬೆರಳಿನಿಂದ ನಿಧಾನ ತಿರುಗಿಸುತ್ತಿರಿ, ಮೋಟಾರನ್ನು ಅತ್ತಿತ್ತ ಸ್ವಲ್ಪ ಒತ್ತಿ ನೋಡಿ. ನಿಂತಾಗ ಸರಿಯಿದ್ದು ಅಲುಗಾಡಿದಾಗ ತಗುಲುವ ಶಾರ್ಟೇ ಜಾಸ್ತಿ ಕಾಟ ಕೊಡುವುದು.

ಇಷ್ಟು ಮುಗಿಯುವ ತನಕ ಹಳಿಗೆ ಕರೆಂಟ್ ಕೊಡಬೇಡಿ. ಡಿಕೋಡರ್‌ನಲ್ಲಿ ಓವರ್‌ಲೋಡ್ ರಕ್ಷಣೆ ಇದೆ, ನಿಜ. ಹಳಿಯ ಕರೆಂಟ್ ಹಿಂದಿನಿಂದ ನುಗ್ಗಿದರೆ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ.


ಪಿಟ್ಸ್‌ಬರ್ಗ್_ಕನ್ನಡಿಗ:

ಮೈಸೂರಿನವರು ಹೇಳಿದ್ದು ಸರಿ, ಮೊದಲು ಅದೇ. ಅದು ಸರಿಯಾದ ಮೇಲೂ ‘ಸದ್ದು ಬರುತ್ತದೆ, ಗಾಡಿ ಹೋಗುವುದಿಲ್ಲ’ ಅಂತಾದರೆ ನೋಡಬೇಕಾದ ಇನ್ನೆರಡು ಮೂರು ವಿಷಯ ಬರೆದಿಡುತ್ತೇನೆ. ಈ ಪ್ರಶ್ನೆಯನ್ನು ಹುಡುಕಿಕೊಂಡು ಬರುವ ಬೇರೆಯವರಿಗೂ ಬೇಕಾಗುತ್ತದೆ.

ಒಂದು, ಅಮೆರಿಕನ್ ಡೀಸೆಲ್‌ಗಳ ಫುಲ್ ಥ್ರಾಟಲ್ ಅನ್ನುವ ಸೌಂಡ್ ಫೈಲ್‌ಗಳಲ್ಲಿ ಡ್ರೈವ್ ಹೋಲ್ಡ್ ಅಂತ ಇದೆ, ಸಾಮಾನ್ಯವಾಗಿ ಎಫ್9ರಲ್ಲಿ. ನಿಂತಾಗ ಅದು ಆನ್ ಇದ್ದರೆ ಥ್ರಾಟಲ್ ಎಷ್ಟು ತಿರುಗಿಸಿದರೂ ಎಂಜಿನ್ ಸದ್ದು ಮಾತ್ರ ಏರುತ್ತದೆ, ಗಾಡಿ ಅಲ್ಲೇ ಇರುತ್ತದೆ. ಎಫ್10ರ ಬ್ರೇಕ್ ಕೂಡ ಹಾಗೇ, ಆನ್ ಮಾಡಿ ಮರೆತರೆ ಗಾಡಿ ಹೊರಡುವುದಿಲ್ಲ. ಇನ್ನು ಎಂಜಿನ್ ಸ್ಟಾರ್ಟ್ ಆಗುವ ಸದ್ದು ಪೂರ್ತಿ ಮುಗಿಯದೆ ಗಾಡಿ ಹೊರಡದ ಹಾಗೆ ಫೈಲ್‌ನಲ್ಲೇ ಬರೆದಿರುತ್ತಾರೆ. ನಿಜವಾದ ಲೋಕೋ ಕೂಡ ಕೀ ತಿರುಗಿಸಿದ ಕೂಡಲೇ ಓಡುವುದಿಲ್ಲವಲ್ಲ, ಆ ವಿಳಂಬ ತಪ್ಪಲ್ಲ.

ಎರಡು, ಸಿವಿ19. ಹಿಂದೆ ಯಾರಾದರೂ ಆ ಡಿಕೋಡರನ್ನು ಎರಡು ಲೋಕೋ ಜೋಡಿಸಿ ಓಡಿಸುವ ಕನ್ಸಿಸ್ಟ್‌ನಲ್ಲಿ ಹಾಕಿದ್ದರೆ ಅದರಲ್ಲಿ ಬೇರೆ ಅಡ್ರೆಸ್ ಉಳಿದಿರುತ್ತದೆ. ಆಗ ಲೋಕೋದ ಸ್ವಂತ ಅಡ್ರೆಸ್‌ಗೆ ಹಾರ್ನ್, ಬೆಲ್ ಎಲ್ಲಾ ಕೆಲಸ ಮಾಡುತ್ತವೆ, ಓಡು ಅಂದರೆ ಮಾತ್ರ ಕೇಳುವುದಿಲ್ಲ. ಸಿವಿ19ಕ್ಕೆ 0 ಬರೆದರೆ ಮುಗಿಯಿತು. ಹೊಸ ಡಿಕೋಡರ್‌ನಲ್ಲಿ ಇದು ಅಪರೂಪ, ಸೆಕೆಂಡ್ ಹ್ಯಾಂಡ್‌ನಲ್ಲಿ ತುಂಬಾ ಸಾಮಾನ್ಯ.

ಪ್ರೋಗ್ರಾಮಿಂಗ್ ಟ್ರ್ಯಾಕ್ ಬಗ್ಗೆ ಒಂದು ಮಾತು. ಅಲ್ಲಿ ಕರೆಂಟನ್ನು ಸುಮಾರು 250 ಮಿಲಿಆಂಪ್‌ಗೆ ಮಿತಿ ಮಾಡಿರುತ್ತಾರೆ, ವೈರಿಂಗ್ ತಪ್ಪಿದ್ದರೂ ಡಿಕೋಡರ್ ಉಳಿಯಲಿ ಅಂತ. ಆದರೆ ಸೌಂಡ್ ಡಿಕೋಡರ್‌ನ ಕೆಪಾಸಿಟರ್‌ಗಳು ಮೊದಲ ಕ್ಷಣದಲ್ಲೇ ಜಾಸ್ತಿ ಕರೆಂಟ್ ಎಳೆಯುವುದರಿಂದ ಕೆಲವು ಹಳೇ ಸ್ಟೇಷನ್‌ಗಳು ಅದನ್ನೇ ಶಾರ್ಟ್ ಅಂದುಕೊಳ್ಳುತ್ತವೆ. ವೈರಿಂಗ್ ಸರಿಯಿದ್ದೂ ಓದಲು ಆಗದಿದ್ದರೆ ಪ್ರೋಗ್ರಾಮಿಂಗ್ ಬೂಸ್ಟರ್ ಬೇಕಾಗಬಹುದು. ಅಲ್ಲಿಯವರೆಗೆ ಮೇನ್ ಮೇಲೆ, ಅಂದರೆ ಗಾಡಿ ಓಡುವ ಹಳಿಯಲ್ಲೇ, ಬರೆಯಬಹುದು, ಆದರೆ ಆಗ ಬರೆದದ್ದು ನಿಂತಿದೆಯಾ ಅಂತ ಓದಿ ಖಚಿತ ಮಾಡಿಕೊಳ್ಳಲು ಆಗುವುದಿಲ್ಲ.

ಡಿಕೋಡರ್ ಬದುಕಿದೆಯಾ ಅಂತ ಪ್ರತ್ಯೇಕವಾಗಿ ನೋಡಬೇಕಾದರೆ ಅದನ್ನು ಲೋಕೋದಿಂದ ಪೂರ್ತಿ ಹೊರಗೆ ತೆಗೆದು, ಕಿತ್ತಳೆ ಮತ್ತು ಬೂದು ನಡುವೆ 100 ಓಮ್ ರೆಸಿಸ್ಟರ್ ಅಥವಾ ಬಿಡಿ ಮೋಟಾರ್ ಹಾಕಿ, ಸಿವಿ8 ಓದಿ. 151 ಬಂದರೆ ಇಎಸ್‌ಯು ಕಂಪನಿಯ ಗುರುತು, ಡಿಕೋಡರ್ ಉತ್ತರ ಕೊಡುತ್ತಿದೆ ಅಂತ ಅರ್ಥ. ಅದೇ ಸಿವಿ8ಕ್ಕೆ 8 ಬರೆದರೆ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಮರಳುತ್ತದೆ, ಅಡ್ರೆಸ್ 3 ಆಗುತ್ತದೆ.


ಹುಬ್ಬಳ್ಳಿ_ಹಳಿ:

ಇಬ್ಬರಿಗೂ ತುಂಬಾ ಧನ್ಯವಾದ. ವೈರು ಬಿಡಿಸಿ ಅಳೆದೆ. ಮೇಲಿನ ಕ್ಲಿಪ್ ಎಲ್ಲಾ ಕಡೆಗೂ ಓಪನ್. ಕೆಳಗಿನ ಕ್ಲಿಪ್ ಮತ್ತು ಚಾಸಿಸ್ ನಡುವೆಯೂ ಮೊದಲು ಓಪನ್ ತೋರಿಸಿತು, ಮೋಟಾರನ್ನು ಬೆರಳಿನಿಂದ ಒತ್ತಿದ ಕೂಡಲೇ ಬೀಪ್! ಮೋಟಾರ್ ಹೊರಗೆ ತೆಗೆದು ನೋಡಿದರೆ ಚಾಸಿಸ್ ಮೇಲೆ ಮನೆ ವೈರಿಂಗ್‌ಗೆ ಬಳಸುವ ಕಪ್ಪು ಪಿವಿಸಿ ಟೇಪ್ ಅಂಟಿಸಿದ್ದಾರೆ. ಕ್ಲಿಪ್‌ನ ನಾಲಗೆ ಹಾಗೇ ಇವೆ, ಬಿಸಿಗೆ ಟೇಪ್ ಮೆತ್ತಗಾಗಿ ಒಂದು ನಾಲಗೆ ಅದನ್ನು ತೂತು ಮಾಡಿದೆ. ಮಾರುವ ಮೊದಲು ಯಾರೋ ಮಾಡಿದ ಕೆಲಸ ಅದು.

ಡಿಕೋಡರನ್ನು ಹೊರಗಿಟ್ಟು ರೆಸಿಸ್ಟರ್ ಹಾಕಿ ಓದಿದೆ, ಸಿವಿ8 = 151. ಬದುಕಿದೆ! ಎಷ್ಟು ಸಮಾಧಾನ ಆಯಿತು ಅಂತ ಹೇಳೋಕಾಗಲ್ಲ.

ಈಗ ಈ ಕ್ಲಿಪ್ ಸರಿ ಮಾಡುವ ಕ್ರಮ ಯಾವುದು? ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ಇನ್ಸುಲೇಷನ್ ಟೇಪ್) ಸಾಕಾ?


ಮೀಟರ್_ಮೈಸೂರು:

ಟೇಪ್ ಒಂದೇ ಸಾಲದು, ನಾಲಗೆಗಳನ್ನೇ ತೆಗೆಯಿರಿ. ಮೊದಲು ಕೆಳಗಿನ ಕ್ಲಿಪ್ ಒಂದನ್ನು ಮಾತ್ರ ಬಿಚ್ಚಿ, ಎರಡನ್ನೂ ಒಟ್ಟಿಗೆ ಬೇಡ. ಒಳಗೆ ಬ್ರಷ್ ಮತ್ತು ಸ್ಪ್ರಿಂಗ್ ಇದೆ, ಹಾರಿಹೋದರೆ ಹುಡುಕುವುದು ಕಷ್ಟ. ಮೋಟಾರನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗಿಟ್ಟುಕೊಂಡು ಬಿಚ್ಚುವುದು ಒಳ್ಳೆಯದು. ಕ್ಲಿಪ್ ಹೊರಗೆ ಬಂದ ಮೇಲೆ ನಾಲಗೆ ಕತ್ತರಿಸಿ, ಅರದಿಂದ ಚಪ್ಪಟೆ ಮಾಡಿ. ಬೂದು ವೈರನ್ನು ಕ್ಲಿಪ್ ಹೊರಗಿರುವಾಗಲೇ ಸೋಲ್ಡರ್ ಮಾಡಿ. ಮೋಟಾರ್‌ಗೆ ಹಾಕಿದ ಮೇಲೆ ಕಾಯಿಸಿದರೆ ಪ್ಲಾಸ್ಟಿಕ್ ಕರಗಿ ಬ್ರಷ್ ಸಿಕ್ಕಿಕೊಳ್ಳುತ್ತದೆ. ವೈರು ಪಕ್ಕದಿಂದ ಹೊರಗೆ ಬರಬೇಕು, ಮೋಟಾರ್ ಅಡಿಗೆ ಸಿಕ್ಕಿ ಜಜ್ಜಿಹೋಗಬಾರದು. ಆಮೇಲೆ ಚಾಸಿಸ್ ಮೇಲೆ ಕ್ಯಾಪ್ಟಾನ್ ಎರಡು ಪದರ ಹಾಕಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕ್ಯಾಪ್ಟಾನ್, ಶ್ರಿಂಕ್ ಟ್ಯೂಬ್, ರೆಸಿಸ್ಟರ್ ಎಲ್ಲಾ ಸಿಗುತ್ತದೆ, ಯಾರಾದರೂ ಬರುವವರಿದ್ದರೆ ತರಿಸಿಕೊಳ್ಳಿ.

ಮೋಟಾರ್ ಕೈಯಲ್ಲಿ ಇರುವಾಗಲೇ ಇನ್ನೊಂದು ಕೆಲಸ ಮುಗಿಸಿ. 12 ವೋಲ್ಟ್ ಡಿಸಿ ಕೊಟ್ಟು, ಮೀಟರನ್ನು 10 ಆಂಪ್ ರೇಂಜ್‌ನಲ್ಲಿ ಸರಣಿಯಲ್ಲಿ ಹಾಕಿ, ಶಾಫ್ಟನ್ನು ಒಂದೆರಡು ಸೆಕೆಂಡ್ ಮಾತ್ರ ಹಿಡಿದು ನಿಲ್ಲಿಸಿ ನೋಡಿ. ನಿಮ್ಮ ಡಿಕೋಡರ್‌ನ ಮೋಟಾರ್ ಔಟ್‌ಪುಟ್ 1.5 ಆಂಪ್. ಹಳೇ ಬ್ಲೂ ಬಾಕ್ಸ್ ಮೋಟಾರ್‌ಗಳು ಕರೆಂಟ್ ಜಾಸ್ತಿ ಕುಡಿಯುತ್ತವೆ. ಮಿತಿ ದಾಟಿದರೆ ಮೊದಲು ಗೇರ್‌ಗಳ ಒಣಗಿದ ಗ್ರೀಸ್ ತೆಗೆದು, ಕಮ್ಯುಟೇಟರ್ (ಮೋಟಾರ್‌ನಲ್ಲಿ ಬ್ರಷ್ ಉಜ್ಜುವ ಭಾಗ) ಒರೆಸಿ ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಮೋಟಾರನ್ನೇ ಬದಲಾಯಿಸುವುದು ಒಳ್ಳೆಯದು.

ಹೆಡ್‌ಲೈಟ್ ಜೋಡಿಸುವಾಗಲೂ ಎಚ್ಚರ. ಹಳೇ ಬಲ್ಬಿನ ಒಂದು ಕಾಲು ಚಾಸಿಸ್‌ಗೆ ಕೂತಿರುತ್ತದೆ. ನೀಲಿ ವೈರು ಎಲ್ಲಾ ಲೈಟ್‌ಗಳ ಪ್ಲಸ್, ಅದು ಚಾಸಿಸ್ ಮುಟ್ಟಲೇಬಾರದು. ಬಲ್ಬ್ ಎಸೆದು ಎಲ್‌ಇಡಿ ಹಾಕಿ: ನೀಲಿ ಪ್ಲಸ್ ಕಾಲಿಗೆ, ಬಿಳಿ ವೈರು 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಮೈನಸ್ ಕಾಲಿಗೆ. ಹಿಂದಿನ ಲೈಟ್‌ಗೆ ಬಿಳಿ ಬದಲು ಹಳದಿ.


ಸ್ವರ_ಶಿವಮೊಗ್ಗ:

ಸದ್ದು ತೆಳ್ಳಗಿರೋದರ ಬಗ್ಗೆ ಯಾರೂ ಹೇಳಲಿಲ್ಲ, ಅದು ನನ್ನ ಇಷ್ಟದ ವಿಷಯ.

ಡಿಕೋಡರ್ ಜೊತೆ ಬರುವ 11×15 ಮಿಲಿಮೀಟರ್‌ನ ಶುಗರ್ ಕ್ಯೂಬ್ ಸ್ಪೀಕರ್ ಕೆಟ್ಟದ್ದೇನಲ್ಲ. ಆದರೆ ಅದರ ಹಿಂದಿನ ಡಬ್ಬಿ ಗಾಳಿ ಆಡದ ಹಾಗೆ ಮುಚ್ಚಿರಬೇಕು. ಸ್ಪೀಕರ್‌ನ ಮುಂದೆ ಗಾಳಿ ಒತ್ತಿದಾಗ ಹಿಂದೆ ಎಳೆಯುತ್ತದೆ. ಡಬ್ಬಿ ಇಲ್ಲದಿದ್ದರೆ, ಅಥವಾ ಸಂದಿ ಇದ್ದರೆ, ಎರಡೂ ಸೇರಿ ಒಂದನ್ನೊಂದು ನುಂಗಿಬಿಡುತ್ತವೆ. ಮೊದಲು ಹೋಗೋದು ಕೆಳಗಿನ ಸ್ವರವೇ, ಅಂದರೆ ಎಂಜಿನ್ನಿನ ಗುಡುಗು. ಉಳಿಯೋದು ಬೆಲ್ ಮತ್ತು ಸಿಳ್ಳೆಯಂಥ ಸದ್ದು. ಜೊತೆಗೆ ಬರುವ ಡಬ್ಬಿ ತುಂಡು ತುಂಡಾಗಿ ಜೋಡಿಸುವಂಥದ್ದು, ಆ ಜೋಡಣೆಗಳಲ್ಲೇ ಸೋರಿಕೆ ಆಗುವುದು. ಅಂಟಿನಿಂದ ಸುತ್ತಲೂ ಮುಚ್ಚಿ, ವೈರು ಹೊರಬರುವ ತೂತನ್ನೂ ಬಿಡಬೇಡಿ. ಸ್ಪೀಕರ್‌ನ ಪೊರೆಗೆ ಮಾತ್ರ ಅಂಟು ತಾಗಬಾರದು. ಜಾಗ ಇದ್ದಷ್ಟು ಡಬ್ಬಿಯ ಆಳ ಜಾಸ್ತಿ ಮಾಡಿ, ಆರು ಆ್ಯಕ್ಸಲ್ ಲೋಕೋ ಅಂದಮೇಲೆ ಜಾಗಕ್ಕೆ ಕೊರತೆ ಇರಲಿಕ್ಕಿಲ್ಲ.

ಎರಡು ಸ್ಪೀಕರ್ ಹಾಕುವ ಆಸೆ ಬಂದರೆ ಇಂಪೀಡೆನ್ಸ್ (ಓಮ್‌ನಲ್ಲಿ ಹೇಳುವ ಸ್ಪೀಕರ್‌ನ ತಡೆ) ಲೆಕ್ಕ ಹಾಕಿ. ಲೋಕ್‌ಸೌಂಡ್ 5ಕ್ಕೆ 4ರಿಂದ 32 ಓಮ್ ಸರಿ. 8 ಓಮ್‌ನ ಎರಡನ್ನು ಪ್ಯಾರಲಲ್ ಹಾಕಿದರೆ 4, ಸರಣಿಯಲ್ಲಿ 16, ಎರಡೂ ನಡೆಯುತ್ತದೆ. 4 ಓಮ್‌ನ ಎರಡನ್ನು ಪ್ಯಾರಲಲ್ ಹಾಕಿದರೆ 2 ಆಗುತ್ತದೆ, ಅದು ಬೇಡವೇ ಬೇಡ. ಕಂದು ವೈರುಗಳಲ್ಲಿ ಒಂದೂ ಚಾಸಿಸ್ ಮುಟ್ಟಬಾರದು, ಆಂಪ್ಲಿಫೈಯರ್ ಹೋಗುತ್ತದೆ. ಕೊನೆಗೆ ಸಿವಿ63 ಅಂದರೆ ಮಾಸ್ಟರ್ ವಾಲ್ಯೂಮ್, ಫ್ಯಾಕ್ಟರಿಯಲ್ಲಿ 180. ಮನೆಯೊಳಗೆ ಅರ್ಧ ಸಾಕು. ಚಿಕ್ಕ ಸ್ಪೀಕರನ್ನು ಪೂರ್ತಿ ಅರಚಿಸಿದರೆ ಸದ್ದು ಒಡೆಯುತ್ತದೆ.


ಹುಬ್ಬಳ್ಳಿ_ಹಳಿ:

ಎಲ್ಲಾ ಮಾಡಿದೆ. ಗಾಡಿ ಓಡುತ್ತಿದೆ! ಸಿವಿಗಳನ್ನು ಗಾಡಿಯಲ್ಲಿಟ್ಟೇ ಓದಲು ಆಗುತ್ತಿದೆ, ಬೂಸ್ಟರ್ ಬೇಕಾಗಲಿಲ್ಲ. ಸ್ಪೀಕರ್ ಡಬ್ಬಿಯ ಸಂದಿ ಮುಚ್ಚಿದ್ದೇ ತಡ, ಇದು ಅದೇ ಸ್ಪೀಕರಾ ಅನ್ನುವಷ್ಟು ವ್ಯತ್ಯಾಸ. ಟೇಬಲ್ ಮೇಲೆ ಕೈಯಿಟ್ಟರೆ ಐಡಲ್ ಸದ್ದು ಗೊತ್ತಾಗುತ್ತದೆ.

ಎರಡು ಸಣ್ಣ ತೊಂದರೆ ಉಳಿದಿವೆ. ತೀರಾ ನಿಧಾನದಲ್ಲಿ ಜರ್ಕ್ ಹೊಡೆಯುತ್ತದೆ. ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಒಮ್ಮೊಮ್ಮೆ ಸೌಂಡ್ ಕಟ್ ಆಗಿ ಮತ್ತೆ ಸ್ಟಾರ್ಟ್ ಆಗುತ್ತದೆ, ಈ ಸಲ ಸ್ಟೇಷನ್ ದೀಪ ಮಿಣುಕುತ್ತಿಲ್ಲ.


ರೈಲು_ಪ್ರೇಮಿ_ದಾವಣಗೆರೆ:

ಡಿಕೋಡರ್ ಉಳಿದದ್ದು ಒಳ್ಳೆಯದಾಯಿತು. ಪಾಯಿಂಟ್ಸ್ ಸಮಸ್ಯೆಗೆ ಕೀಪ್ ಅಲೈವ್ ಹಾಕಿಬಿಡಿ, ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಹಳಿ ಕೊಳಕಾಗಿದ್ದರೂ ಓಡುತ್ತದೆ.


ಮೀಟರ್_ಮೈಸೂರು:

ಕೀಪ್ ಅಲೈವ್ ಒಳ್ಳೆಯದೇ, ಆದರೆ ಮೊದಲೇ ಅದಕ್ಕೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆರು ಆ್ಯಕ್ಸಲ್, ಹನ್ನೆರಡು ಚಕ್ರ ಇರುವ ಲೋಕೋ ಪಾಯಿಂಟ್ಸ್‌ನ ಪ್ಲಾಸ್ಟಿಕ್ ಫ್ರಾಗ್ (ಎರಡು ಹಳಿ ಒಂದನ್ನೊಂದು ದಾಟುವ ತುಂಡು) ಮೇಲೆ ಕರೆಂಟ್ ಕಳೆದುಕೊಳ್ಳುತ್ತಿದೆ ಅಂದರೆ ಯಾವುದೋ ಬೋಗಿ ಕರೆಂಟೇ ತರುತ್ತಿಲ್ಲ. ಒಂದು ಬೋಗಿಯನ್ನು ಹಳಿ ಮೇಲೆ, ಇನ್ನೊಂದನ್ನು ಮರದ ತುಂಡಿನ ಮೇಲೆ ಇಟ್ಟು ನೋಡಿ, ಆಮೇಲೆ ಅದಲು ಬದಲು ಮಾಡಿ. ಯಾವ ಬೋಗಿ ಹಳಿ ಮೇಲಿದ್ದಾಗ ಸದ್ದು ನಿಲ್ಲುತ್ತದೋ ಅದರಲ್ಲೇ ದೋಷ ಇದೆ. ಈ ಲೋಕೋಗಳಲ್ಲಿ ಒಂದು ಹಳಿಯ ಕರೆಂಟ್ ಬೋಗಿಯಿಂದ ಚಾಸಿಸ್‌ಗೆ ಬರೀ ಒತ್ತಡದ ಸಂಪರ್ಕದಿಂದ ದಾಟುತ್ತದೆ, ಅಲ್ಲಿ ಎಣ್ಣೆ, ತುಕ್ಕು ಸೇರಿರುತ್ತದೆ. ಎರಡು ಬೋಗಿಗಳಿಂದಲೂ ಕೆಂಪು, ಕಪ್ಪು ವೈರುಗಳಿಗೆ ಮೆತ್ತನೆಯ ತೆಳು ವೈರು ನೇರವಾಗಿ ಸೋಲ್ಡರ್ ಮಾಡಿ, ತಿರುವಿನಲ್ಲಿ ಬೋಗಿ ತಿರುಗುವಷ್ಟು ಸಡಿಲ ಬಿಡಿ. ಚಕ್ರಗಳನ್ನು ಐಸೊಪ್ರೊಪಿಲ್ ಆಲ್ಕೋಹಾಲ್‌ನಿಂದ ಒರೆಸಿ.

ಆಮೇಲೂ ಬೇಕಾದರೆ ಕೀಪ್ ಅಲೈವ್ ಹಾಕಿ. ಕೈಯಲ್ಲೇ ಮಾಡುವುದಾದರೆ 2.7 ವೋಲ್ಟ್‌ನ ಸೂಪರ್ ಕೆಪಾಸಿಟರ್ ಆರು ಸರಣಿಯಲ್ಲಿ ಹಾಕಿದರೂ 16.2 ವೋಲ್ಟ್ ಮಾತ್ರ, ನಿಮ್ಮ ಹಳಿಯ ವೋಲ್ಟೇಜ್ ಎಷ್ಟಿದೆ ಮೊದಲು ಅಳೆಯಿರಿ. ಚಾರ್ಜ್ ಆಗುವಾಗ ಕರೆಂಟ್ ನುಗ್ಗದ ಹಾಗೆ 100 ಓಮ್ ರೆಸಿಸ್ಟರ್, ವಾಪಸ್ ಕೊಡುವ ದಾರಿಗೆ ಡಯೋಡ್ ಇರಬೇಕು. ಅದು ಇದ್ದಾಗ ಪ್ರೋಗ್ರಾಮಿಂಗ್ ಟ್ರ್ಯಾಕ್‌ನಲ್ಲಿ ಮತ್ತೆ ಓದಲು ತೊಂದರೆ ಬರಬಹುದು, ಹಾಗಾಗಿ ಬಿಚ್ಚಲು ಆಗುವಂಥ ಸಣ್ಣ ಕನೆಕ್ಟರ್ ಹಾಕಿ.


ಪಿಟ್ಸ್‌ಬರ್ಗ್_ಕನ್ನಡಿಗ:

ಜರ್ಕ್‌ಗೆ: ಮೋಟಾರ್ ಮೇಲೆ ಹಳೇ ಕೆಪಾಸಿಟರ್ ಏನಾದರೂ ಉಳಿದಿದ್ದರೆ ತೆಗೆಯಿರಿ, ಬ್ಯಾಕ್ ಇಎಂಎಫ್ (ಮೋಟಾರ್ ವೇಗ ತಿಳಿಯಲು ಡಿಕೋಡರ್ ನೋಡುವ ವೋಲ್ಟೇಜ್) ಅಳತೆ ಅದರಿಂದ ಕೆಡುತ್ತದೆ. ಆಮೇಲೆ ಉದ್ದನೆಯ ನೇರ ಹಳಿ ಮೇಲೆ ಗಾಡಿ ಇಟ್ಟು ಸಿವಿ54ಕ್ಕೆ 0 ಬರೆದು ಎಫ್1 ಒತ್ತಿ. ಗಾಡಿ ತಾನಾಗಿ ಪೂರ್ತಿ ವೇಗದಲ್ಲಿ ಒಂದು ಸಲ ಓಡಿ ಮೋಟಾರ್‌ನ ಗುಣ ಕಲಿತುಕೊಳ್ಳುತ್ತದೆ. ಮುಂದೆ ಜಾಗ ಖಾಲಿ ಇರಲಿ, ಟೇಬಲ್ ಅಂಚು ಹತ್ತಿರ ಬೇಡ. ಹಳೇ ಮೋಟಾರ್‌ಗಳಿಗೆ ಇದು ತುಂಬಾ ಉಪಯೋಗ.


ಹುಬ್ಬಳ್ಳಿ_ಹಳಿ:

ಹಿಂದಿನ ಬೋಗಿಯೇ ಸತ್ತಿತ್ತು. ವೈರು ಎಳೆದ ಮೇಲೆ ಪಾಯಿಂಟ್ಸ್ ಸಮಸ್ಯೆ ಹೋಯಿತು, ಕೀಪ್ ಅಲೈವ್ ಸದ್ಯಕ್ಕೆ ಬೇಡ. ಸಿವಿ54 ಮಾಡಿದ ಮೇಲೆ ಜರ್ಕ್ ಬಹಳ ಕಡಿಮೆ ಆಗಿದೆ. ಈಗ ಆಸೆ ಜಾಸ್ತಿ ಆಗಿದೆ: ಇದರಲ್ಲಿರೋದು ಎಸ್‌ಡಿ40-2ರ ಸದ್ದು. ಡಬ್ಲ್ಯುಡಿಜಿ-4 ಬಾಡಿ ಕೂರಿಸಿದಾಗ ಯಾವ ಫೈಲ್ ಹಾಕಲಿ?


ಪಿಟ್ಸ್‌ಬರ್ಗ್_ಕನ್ನಡಿಗ:

ಎಸ್‌ಡಿ40-2ರದ್ದು ಅಮೆರಿಕದ ಇಎಂಡಿ ಕಂಪನಿಯ 16 ಸಿಲಿಂಡರ್‌ನ 645 ಎಂಜಿನ್. ಡಬ್ಲ್ಯುಡಿಜಿ-4 ಅಂದರೆ ಇಎಂಡಿಯ ಜಿಟಿ46ಎಂಎಸಿ, ಅದರಲ್ಲಿರೋದು 16 ಸಿಲಿಂಡರ್‌ನ 710 ಎಂಜಿನ್, 4000 ಅಶ್ವಶಕ್ತಿ. ಅಮೆರಿಕದ ಎಸ್‌ಡಿ70ಎಂಎಸಿಯಲ್ಲೂ 710 ಇದೆ, ಹಾಗಾಗಿ ಆ ಫೈಲನ್ನು ಲೋಕ್‌ಪ್ರೋಗ್ರಾಮರ್ (ಡಿಕೋಡರ್‌ಗೆ ಫೈಲ್ ಹಾಕುವ ಸಾಧನ) ಮೂಲಕ ತುಂಬಿಸಿ. ಐಡಲ್‌ನಲ್ಲೇ ವ್ಯತ್ಯಾಸ ಕೇಳುತ್ತದೆ. ಡಬ್ಲ್ಯುಡಿಎಂ-2 ಮಾಡುವವರು ಓದುತ್ತಿದ್ದರೆ, ಅದು ಆಲ್ಕೋ 251, 16 ಸಿಲಿಂಡರ್. ಅವರು ಆಲ್ಕೋದ ಲೋಕೋ ಸಿ-628ರ ಫೈಲ್ ನೋಡಲಿ.

ಹಾರ್ನ್ ಮಾತ್ರ ಹೊಂದುವುದಿಲ್ಲ. ಇಲ್ಲಿ ಅಮೆರಿಕದ್ದು ಮೂರು ಅಥವಾ ಐದು ಸ್ವರ ಒಟ್ಟಿಗೆ ಬರುವ ಹಾರ್ನ್, ನಮ್ಮ ಊರಿನ ಗಾಡಿಯಲ್ಲಿ ಕೇಳಿದ ಕಿವಿಗೆ ಅದು ಬೇರೆಯೇ ಅನ್ನಿಸುತ್ತದೆ. ನೀವು ಹುಬ್ಬಳ್ಳಿಯಲ್ಲೇ ಇದ್ದೀರಿ, ರೆಕಾರ್ಡ್ ಮಾಡಿಬಿಡಿ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜನ ಮತ್ತು ಅನೌನ್ಸ್‌ಮೆಂಟ್‌ನಿಂದ ದೂರ ಅದರ ತುದಿಯ ಕಡೆ ನಿಂತುಕೊಳ್ಳಿ, ಹಳಿ ಕಡೆ ಇಳಿಯಬೇಡಿ, ಮೈಕ್‌ಗೆ ಗಾಳಿ ತಡೆಯುವ ಸ್ಪಂಜ್ ಹಾಕಿ. ಎಲೆಕ್ಟ್ರಿಕ್ ಬಂದ ಮೇಲೆ ಡೀಸೆಲ್ ಸದ್ದು ಕಡಿಮೆ ಆಗುತ್ತಿದೆ, ಬೇಗ ಮಾಡಿದರೆ ಒಳ್ಳೆಯದು. ಲೋಕ್‌ಸೌಂಡ್ 5ಕ್ಕೆ 16 ಬಿಟ್, 31,250 ಹರ್ಟ್ಸ್‌ನ ವೇವ್ ಫೈಲ್ ಬೇಕು. ಹಾರ್ನ್‌ನ ಶುರು, ನಡುವಿನ ಎಳೆತ, ಕೊನೆ ಮೂರನ್ನೂ ಬೇರೆ ಬೇರೆ ಕತ್ತರಿಸಿ ಕಳಿಸಿ, ಫೈಲ್‌ಗೆ ಸೇರಿಸುವ ಕೆಲಸ ನಾನು ಮಾಡಿಕೊಡುತ್ತೇನೆ.


ಸ್ವರ_ಶಿವಮೊಗ್ಗ:

ರೆಕಾರ್ಡ್ ಆದ ಮೇಲೆ ನನಗೂ ಒಂದು ಕಾಪಿ ಕೊಡಿ, ಹಿನ್ನೆಲೆ ಗದ್ದಲ ತೆಗೆದು ಕೊಡುತ್ತೇನೆ. ಫೋನಿನಲ್ಲಿ ಮಾಡುವುದಾದರೆ ಆಟೋ ಲೆವೆಲ್ ಆಫ್ ಮಾಡಿ. ಇಲ್ಲದಿದ್ದರೆ ಹಾರ್ನ್ ಬಂದ ಕ್ಷಣಕ್ಕೆ ಫೋನೇ ಸದ್ದು ತಗ್ಗಿಸಿ ಶುರುವಿನ ಪೆಟ್ಟನ್ನು ಹಾಳು ಮಾಡುತ್ತದೆ.